ಬೇರೆ ಲೋಟ ಇಡುವ ಮೊದಲು

ನಮ್ಮ ಅಪಾರ್ಟ್‌ಮೆಂಟ್ ಸಂಘದ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ ಮತ್ತು ನೆರೆಹೊರೆಯ ಎಲ್ಲರಿಗೂ ಬಿ ಬ್ಲಾಕಿನಿಂದ ನಮಸ್ಕಾರ.

ಇದನ್ನು ಸಂಘದ ವಾಟ್ಸಾಪ್ ಗುಂಪಿನಲ್ಲೇ ಹಾಕಬಹುದಿತ್ತು. ಹಾಕಿದ್ದೆ ಕೂಡ. ಹತ್ತು ನಿಮಿಷದಲ್ಲಿ ಅದರ ಮೇಲೆ ಯಾರದೋ ಗುಡ್ ಮಾರ್ನಿಂಗ್ ಹೂವು, ಪಾರ್ಕಿಂಗ್ ಜಗಳ, ಆಮೇಲೆ ಮಾವಿನಹಣ್ಣಿನ ಆರ್ಡರ್ ಬಂದು ಕೂತವು. ಅದಕ್ಕೇ ಎಲ್ಲರ ಕಣ್ಣಿಗೂ ಬೀಳುವ ಹಾಗೆ ಬರೆಯುತ್ತಿದ್ದೇನೆ. ಬೆಂಗಳೂರಿನಲ್ಲಿ ನಮ್ಮಂಥ ಸಂಘಗಳು ಬೀದಿಗೊಂದಿವೆ. ಅವರೂ ಓದಿಕೊಳ್ಳಲಿ.

ನಡೆದದ್ದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಬ್ಲಾಕಿನ ನಾಲ್ಕು ಮನೆಗಳಲ್ಲಿ ಒಂಬತ್ತು ವರ್ಷದಿಂದ ಅಡುಗೆ ಮಾಡುತ್ತಿದ್ದವರು ಒಬ್ಬರಿದ್ದಾರೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಬೇಡ ಅಂದರು, ಹಾಕುವುದಿಲ್ಲ. ಗರ್ಭಕೋಶದ ಆಪರೇಷನ್‌ಗೆ ಅಂತ ಹೋದಾಗ, ಎಲ್ಲರಿಗೂ ಮಾಡುವ ಹಾಗೆ ಅವರ ರಕ್ತವನ್ನೂ ಪರೀಕ್ಷೆ ಮಾಡಿದರು. ಹೆಪಟೈಟಿಸ್ ಬಿ, ಅಂದರೆ ಲಿವರ್‌ಗೆ ತಗುಲುವ ಒಂದು ವೈರಸ್ ಸೋಂಕು, ಇದೆ ಅಂತ ಬಂತು. ರಿಪೋರ್ಟು ಇಂಗ್ಲಿಷಿನಲ್ಲಿತ್ತು. ಏನು ಬರೆದಿದ್ದಾರೆ ನೋಡಿ ಅಮ್ಮ ಅಂತ ತಾವು ಕೆಲಸ ಮಾಡುವ ಮನೆಯವರ ಕೈಗೆ ಕೊಟ್ಟರು. ಸಂಜೆಯೊಳಗೆ ಆ ರಿಪೋರ್ಟಿನ ಫೋಟೋ ಗುಂಪಿಗೆ ಬಂತು. ಮಾರನೇ ದಿನ ಗೇಟಿನ ಆ್ಯಪ್‌ನಿಂದ ಅವರ ಪಾಸ್ ಹೋಯಿತು. ಮೂರನೇ ದಿನಕ್ಕೆ ಹೊಸ ಪ್ರಸ್ತಾವ ಬಂತು: ಮನೆಗೆಲಸದವರು, ಸೆಕ್ಯೂರಿಟಿಯವರು, ಡ್ರೈವರುಗಳು ಎಲ್ಲರೂ ಬ್ಲಡ್ ರಿಪೋರ್ಟ್ ತಂದರೆ ಮಾತ್ರ ಒಳಗೆ ಬಿಡಬೇಕು.

ಈ ವಿಷಯದಲ್ಲಿ ಮಾತಾಡಲು ನನಗೆ ಸ್ವಲ್ಪ ಹಕ್ಕಿದೆ ಅಂದುಕೊಂಡಿದ್ದೇನೆ. ಈ ಊರಿನ ಲ್ಯಾಬುಗಳಲ್ಲಿ 31 ವರ್ಷ ರಕ್ತ ತೆಗೆದವಳು ನಾನು. ನಿಮ್ಮಲ್ಲಿ ಕೆಲವರ ನರ ಸಿಗುವುದು ಎಷ್ಟು ಕಷ್ಟ ಅಂತಲೂ ಗೊತ್ತು!

ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ. 1996ರಲ್ಲಿ ಒಂದು ಸಂಜೆ. ಲ್ಯಾಬ್ ಮುಚ್ಚುವ ಹೊತ್ತು. ರಕ್ತ ತೆಗೆದ ಸೂಜಿಗೆ ಮುಚ್ಚಳ ಹಾಕಲು ಹೋದೆ. ಹಾಗೆ ಮತ್ತೆ ಮುಚ್ಚಳ ಹಾಕಬಾರದು ಅಂತ ಈಗ ಮೊದಲ ದಿನವೇ ಕಲಿಸುತ್ತಾರೆ. ಆಗ ಎಲ್ಲರೂ ಹಾಕುತ್ತಿದ್ದೆವು. ಮುಚ್ಚಳ ಜಾರಿತು, ಸೂಜಿ ಎಡಗೈ ತೋರುಬೆರಳಿಗೆ ಇಳಿಯಿತು. ಗ್ಲೌಸ್ ಒಳಗೆ ಒಂದು ಚುಕ್ಕಿ ರಕ್ತ, ಕುಂಕುಮದ ಬೊಟ್ಟಿನಷ್ಟು. ಆ ರೋಗಿಯ ರಿಪೋರ್ಟು ಮಾರನೇ ದಿನ ನಾನೇ ಮಾಡಿದೆ. ಆಸ್ಟ್ರೇಲಿಯಾ ಆಂಟಿಜನ್ ಪಾಸಿಟಿವ್. ಹೆಪಟೈಟಿಸ್ ಬಿಗೆ ನಮ್ಮ ಲ್ಯಾಬಿನವರು ಆಗ ಹೇಳುತ್ತಿದ್ದದ್ದೇ ಹಾಗೆ. ಬರೂಚ್ ಬ್ಲೂಮ್‌ಬರ್ಗ್ ಎಂಬ ವಿಜ್ಞಾನಿಗೆ ಅದು ಮೊದಲು ಸಿಕ್ಕಿದ್ದು ಆಸ್ಟ್ರೇಲಿಯಾದ ಮೂಲನಿವಾಸಿಯೊಬ್ಬರ ರಕ್ತದಲ್ಲಿ. ಅದಕ್ಕೆ ಆ ಹೆಸರು. ಆ ಕೆಲಸಕ್ಕೆ ಅವರಿಗೆ 1976ರಲ್ಲಿ ನೊಬೆಲ್ ಬಂತು.

ಲಸಿಕೆ ಆಗಲೂ ಇತ್ತು. ಆದರೆ ಹೊರದೇಶದಿಂದ ಬರುತ್ತಿತ್ತು, ನನ್ನ ಸಂಬಳಕ್ಕೆ ಎಟುಕುತ್ತಿರಲಿಲ್ಲ. ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್‌ನವರು ಅದನ್ನು ನಮ್ಮ ದೇಶದಲ್ಲೇ ತಯಾರಿಸಿ ಬೆಲೆ ಇಳಿಸಿದ್ದು 1997ರಲ್ಲಿ. ನನ್ನ ಬೆರಳು ಒಂದು ವರ್ಷ ಅವಸರ ಮಾಡಿತ್ತು.

ಸೋಂಕು ತಗುಲಿದೆಯೋ ಇಲ್ಲವೋ ಅಂತ ಖಚಿತವಾಗಲು ಆರು ತಿಂಗಳು ಕಾಯಬೇಕಿತ್ತು. ಆ ಆರು ತಿಂಗಳು ನಾನು ಮನೆಯಲ್ಲಿ ಏನು ಮಾಡಿದೆ ಗೊತ್ತಾ? ನನ್ನ ಕಾಫಿ ಲೋಟ ಬೇರೆ ಇಟ್ಟೆ. ತಳಕ್ಕೆ ಮೊಳೆಯಿಂದ ಗೀಚಿ ಗುರುತು ಮಾಡಿದೆ. ಎರಡು ವರ್ಷದ ಮಗಳಿಗೆ ನನ್ನ ತಟ್ಟೆಯಿಂದ ತುತ್ತು ಕೊಡುವುದನ್ನು ನಿಲ್ಲಿಸಿದೆ. ಅದು ಕೈ ಚಾಚಿ ಅಳುತ್ತಿತ್ತು. ಇಷ್ಟೆಲ್ಲಾ ಮಾಡಿದವಳು, ಬಚ್ಚಲ ಕಿಟಕಿಯ ಮೇಲಿದ್ದ ಒಂದೇ ನೈಲ್ ಕಟರಿನಲ್ಲಿ ನನ್ನ ಉಗುರು, ಗಂಡನ ಉಗುರು, ಮಗುವಿನ ಉಗುರು ಎಲ್ಲಾ ಕತ್ತರಿಸುತ್ತಿದ್ದೆ. ಲೋಟ ಬೇರೆ, ನೈಲ್ ಕಟರ್ ಒಂದೇ! ವೈರಸ್ ದಾಟುವುದಿದ್ದರೆ ಯಾವುದರಿಂದ ದಾಟುತ್ತಿತ್ತು? ದಿನವಿಡೀ ಲ್ಯಾಬಿನಲ್ಲಿ ಇರುತ್ತಿದ್ದ ನನಗೇ ಅದು ಹೊಳೆಯಲಿಲ್ಲ. ಆರು ತಿಂಗಳ ಪರೀಕ್ಷೆ ನೆಗೆಟಿವ್ ಬಂತು. ಆಮೇಲೆ ಲಸಿಕೆ ಹಾಕಿಸಿಕೊಂಡೆ. ಆ ಲೋಟ ಇನ್ನೂ ಇದೆ.

ಹಾಗಾಗಿ ನೀವು ಹೆದರಿದ್ದಕ್ಕೆ ನಾನು ನಗುವುದಿಲ್ಲ. ಹೆದರಿದ ಜಾಗ ತಪ್ಪು ಅಂತ ಮಾತ್ರ ಹೇಳುತ್ತೇನೆ. ಅಂದ ಹಾಗೆ, ಕೆಲಸದವರಿಗೆ ಬೇರೆ ಲೋಟ ಇಡುವ ಅಭ್ಯಾಸ ನಮ್ಮ ಕೆಲವು ಮನೆಗಳಲ್ಲಿ ಈ ರಿಪೋರ್ಟಿಗಿಂತ ಎಷ್ಟೋ ಹಳೆಯದು. ವೈರಸ್ಸಿನ ಮೇಲೆ ಅದರ ಭಾರ ಹಾಕುವುದು ಬೇಡ.

ಗುಂಪಿನಲ್ಲಿ ಒಬ್ಬರು ಬರೆದಿದ್ದರು, "ಜಾಂಡೀಸ್ ಇರುವವರು ಅಡುಗೆ ಮಾಡಿದರೆ ನಮಗೂ ಬರಲ್ವಾ?" ಅಂತ. ಎಡವಟ್ಟಾಗಿರುವುದು ಇಲ್ಲೇ. ಕಣ್ಣು ಹಳದಿ ಆದರೆ ನಾವು ಎಲ್ಲದಕ್ಕೂ ಜಾಂಡೀಸ್, ಅರಿಶಿನ ಕಾಮಾಲೆ ಅಂತ ಒಂದೇ ಹೆಸರು ಇಡುತ್ತೇವೆ. ಲಿವರ್‌ಗೆ ತೊಂದರೆ ಕೊಡುವ ವೈರಸ್ಸುಗಳು ಬೇರೆ ಬೇರೆ. ಹೆಪಟೈಟಿಸ್ ಎ ಮತ್ತು ಇ ನೀರಿನಲ್ಲಿ, ಊಟದಲ್ಲಿ, ತೊಳೆಯದ ಕೈಯಲ್ಲಿ ಬರುತ್ತವೆ. ಬಿ ಮತ್ತು ಸಿ ರಕ್ತದಿಂದ ರಕ್ತಕ್ಕೆ ಬರುತ್ತವೆ. ಲೈಂಗಿಕ ಸಂಪರ್ಕದಿಂದ, ಹೆರಿಗೆ ಹೊತ್ತಿನಲ್ಲಿ ತಾಯಿಯಿಂದ ಮಗುವಿಗೂ ಬರಬಹುದು. ಬಿಗೆ ಇದು ಜಾಸ್ತಿ, ಸಿಗೆ ಕಡಿಮೆ. ಎಚ್‌ಐವಿಯ ದಾರಿಗಳೂ ಇವೇ. ಒಂದೇ ತಟ್ಟೆಯಲ್ಲಿ ಉಣ್ಣುವುದು, ಅಪ್ಪಿಕೊಳ್ಳುವುದು, ಕೆಮ್ಮು, ಸೀನು, ಟಾಯ್ಲೆಟ್ ಸೀಟು, ಸೊಳ್ಳೆ ಕಡಿತ, ಇದ್ಯಾವುದರಿಂದಲೂ ಈ ಮೂರೂ ಬರುವುದಿಲ್ಲ.

ಊಟ, ನೀರಿನಿಂದ ಬರುವ ಜಾಂಡೀಸಿಗೆ ಹೆದರುವುದಾದರೆ ಅಡುಗೆಯವರ ರಿಪೋರ್ಟಿಗಿಂತ ಮೊದಲು ನಮ್ಮ ಸಂಪು ನೋಡಬೇಕು. ಅದನ್ನು ತೊಳೆಸಿ ಎಷ್ಟು ತಿಂಗಳಾಯಿತು, ಕಾರ್ಯದರ್ಶಿಗಳೇ? ಮ್ಯಾನ್‌ಹೋಲ್ ಉಕ್ಕಿದ ಆ ಮಳೆಗಾಲದ ನಂತರ ಒಮ್ಮೆಯಾದರೂ ನೀರು ಪರೀಕ್ಷೆ ಮಾಡಿಸಿದ್ದೀರಾ?

ಇನ್ನೊಂದು ಪ್ರಶ್ನೆ ನ್ಯಾಯವಾದದ್ದು. "ತರಕಾರಿ ಹೆಚ್ಚುವಾಗ ಅವರು ಕೈ ಕುಯ್ದುಕೊಂಡರೆ?" ಕುಯ್ದುಕೊಳ್ಳುತ್ತಾರೆ. ನಾನೂ ಕುಯ್ದುಕೊಳ್ಳುತ್ತೇನೆ, ಈಳಿಗೆಮಣೆ ಯಾರನ್ನೂ ಬಿಟ್ಟಿಲ್ಲ. ಆಗ ಕೈ ತೊಳೆದು ಪಟ್ಟಿ ಹಾಕಬೇಕು. ರಕ್ತ ತಾಗಿದ ತರಕಾರಿ ಎಸೆಯಬೇಕು. ಮಣೆಯ ಮೇಲೆ ಚೆಲ್ಲಿದ್ದನ್ನು ಗ್ಲೌಸ್ ಹಾಕಿ ಒರೆಸಿ, ಬ್ಲೀಚ್ ನೀರು ಹಾಕಿ ಹತ್ತು ನಿಮಿಷ ಬಿಟ್ಟು ತೊಳೆಯಬೇಕು. ಯಾರ ರಕ್ತ ಆದರೂ ಇಷ್ಟೇ. ರಿಪೋರ್ಟು ನೋಡಿ ಒಬ್ಬರ ರಕ್ತಕ್ಕೆ ಮಾತ್ರ ಹೀಗೆ ಮಾಡುವುದಲ್ಲ. ನೀವು ಉಣ್ಣುವ ಸಾರು ಕುದಿದಿರುತ್ತದೆ. ಹೆಪಟೈಟಿಸ್ ಬಿ ಊಟದ ಮೂಲಕ ಹರಡುವ ಕಾಯಿಲೆಯೇ ಅಲ್ಲ. ಅವರ ರಕ್ತ ನಿಮ್ಮ ಗಾಯಕ್ಕೆ ನೇರವಾಗಿ ತಾಗಿದರೆ ಅಪಾಯ ಇದೆ, ಇಲ್ಲ ಅನ್ನುವುದಿಲ್ಲ. ಒಂಬತ್ತು ವರ್ಷದಲ್ಲಿ ಅಂಥದ್ದು ಎಷ್ಟು ಸಲ ಆಗಿದೆ, ನೆನಪು ಮಾಡಿಕೊಳ್ಳಿ.

ಈಗ ರಿಪೋರ್ಟ್ ಕೇಳುವ ಪ್ರಸ್ತಾವಕ್ಕೆ ಬರೋಣ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2022ರಲ್ಲಿ ನಮ್ಮ ದೇಶದಲ್ಲಿ ಸುಮಾರು 3 ಕೋಟಿ ಜನಕ್ಕೆ ಹೆಪಟೈಟಿಸ್ ಬಿ ಇತ್ತು. ಸಿ ಇನ್ನೊಂದು 55 ಲಕ್ಷ. ಬಿ ಒಂದನ್ನೇ ಲೆಕ್ಕ ಹಾಕಿದರೂ ಹತ್ತಿರ ಹತ್ತಿರ 50 ಜನಕ್ಕೆ ಒಬ್ಬರು. ನಮ್ಮ ಕಾಂಪೌಂಡಿನಲ್ಲಿ 700 ಜನ ಇದ್ದೇವೆ. ಲೆಕ್ಕ ಎಲ್ಲಾ ಕಡೆ ಒಂದೇ ಥರ ಬರುವುದಿಲ್ಲ, ನಿಜ. ಆದರೂ ಕೈಬೆರಳಲ್ಲಿ ಎಣಿಸಿ ನೋಡಿ. ಇದ್ದವರಲ್ಲಿ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ, ಏಕೆಂದರೆ ವರ್ಷಗಟ್ಟಲೆ ಏನೂ ಆಗುವುದಿಲ್ಲ. ಅಡುಗೆಯವರದು ಗೊತ್ತಾಗಿದ್ದು ಅವರು ಪರೀಕ್ಷೆ ಮಾಡಿಸಿದ್ದಕ್ಕೆ. ನಮ್ಮದು ಗೊತ್ತಿಲ್ಲ, ಏಕೆಂದರೆ ನಾವು ಮಾಡಿಸಿಲ್ಲ. ರಿಪೋರ್ಟ್ ಕೇಳುವುದೇ ಆದರೆ ಅಧ್ಯಕ್ಷರ ಮನೆಯಿಂದ ಶುರು ಮಾಡೋಣವಾ? ಬೇಡ ಅನ್ನಿಸುತ್ತದೆ ಅಲ್ವಾ? ಕೆಲಸದವರಿಗೂ ಹಾಗೇ ಅನ್ನಿಸುತ್ತದೆ.

ಎಚ್‌ಐವಿ ವಿಷಯದಲ್ಲಂತೂ ಇದು ಬರೀ ಅನ್ನಿಸುವ ಮಾತಲ್ಲ. 2017ರ ಕಾನೂನು ಇದೆ, 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ. ಕೆಲಸ ಕೊಡಲು ಎಚ್‌ಐವಿ ಪರೀಕ್ಷೆ ಕೇಳುವಂತಿಲ್ಲ, ಎಚ್‌ಐವಿ ಇದೆ ಅಂತ ಕೆಲಸದಿಂದ ತೆಗೆಯುವಂತಿಲ್ಲ, ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಹೇಳುವಂತಿಲ್ಲ. ಆ ಕಾನೂನು ಎಚ್‌ಐವಿಗೆ ಮಾತ್ರ. ಹೆಪಟೈಟಿಸ್‌ಗೆ ಅಂಥದ್ದೊಂದು ಇಲ್ಲದ್ದರಿಂದ ಫೋಟೋ ಹಾಕಿದವರು ಪಾರಾದರು. ಅಷ್ಟೇ.

ಇನ್ನು ನಮ್ಮ ಕಾಂಪೌಂಡಿನೊಳಗಿನ ನಿಜವಾದ ಅಪಾಯಗಳು. ಕಳೆದ ಸಲ ಕ್ಲಬ್‌ಹೌಸ್‌ನಲ್ಲಿ ಉಚಿತ ಶುಗರ್ ಟೆಸ್ಟ್ ನಡೆಯಿತಲ್ಲ. ವಾಕಿಂಗ್ ಮುಗಿಸಿ ಸಾಲಾಗಿ ನಿಂತು ಬೆರಳು ಕೊಟ್ಟಿರಿ. ನಾನೂ ಸಾಲಿನಲ್ಲಿದ್ದೆ. ಹುಡುಗನ ಕೈಯಲ್ಲಿ ಇದ್ದದ್ದು ಒಂದೇ ಚುಚ್ಚುವ ಪೆನ್ನು. ಸೂಜಿ ಬದಲಿಸುತ್ತಿದ್ದ, ಪೆನ್ನು ಅದೇ. ಪೆನ್ನಿನ ತುದಿಯ ಮುಚ್ಚಳ ಪ್ರತಿ ಬೆರಳಿಗೂ ಒತ್ತುತ್ತದೆ. ಅದರ ಅಂಚಿನಲ್ಲಿ ಒಣಗಿದ ಕಂದು ಗೆರೆ ನನಗೆ ಕಾಣಿಸಿತು. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಏಳು ದಿನ ಬದುಕುತ್ತದೆ, ಕಣ್ಣಿಗೆ ರಕ್ತ ಕಾಣದಿದ್ದರೂ ಇರಬಹುದು. ಅಂಥ ಪೆನ್ನು ಒಬ್ಬರಿಂದ ಒಬ್ಬರಿಗೆ ಹೋಗಿ ಅಮೆರಿಕದ ವೃದ್ಧಾಶ್ರಮಗಳಲ್ಲಿ ಹೆಪಟೈಟಿಸ್ ಬಿ ಹರಡಿದ್ದು ದಾಖಲಾಗಿದೆ. ಒಂದೇ ಸಲ ಬಳಸಿ ಬಿಸಾಡುವ ಚುಚ್ಚು ಸೂಜಿಗಳು ಸಿಗುತ್ತವೆ, ಕ್ಯಾಂಪ್‌ನವರು ಅದನ್ನೇ ತರಬೇಕು. ನಾನು ಹೇಳಿದ್ದಕ್ಕೆ ಆ ಹುಡುಗ ಸ್ಪಿರಿಟ್ ಹತ್ತಿ ತೋರಿಸಿದ. ನಾನು ಬೆರಳು ಕೊಡದೆ ಬಂದೆ. ಹಿಂದಿದ್ದವರೊಬ್ಬರು, "ಲ್ಯಾಬಿನವರಿಗೇ ಸೂಜಿ ಅಂದ್ರೆ ಭಯ" ಅಂತ ನಕ್ಕರು.

ಮನೆಯಲ್ಲೂ ಇದೇ ಕಥೆ. ಗಂಡ ಹೆಂಡತಿ ಇಬ್ಬರಿಗೂ ಶುಗರ್. ಪೆನ್ನು ಒಂದೇ, ಸೂಜಿ ತಿಂಗಳಿಗೊಮ್ಮೆ ಬದಲಾದರೆ ಪುಣ್ಯ. ಮೀಟರ್ ಒಂದೇ ಇದ್ದರೆ ಒರೆಸಿಕೊಂಡು ಬಳಸಬಹುದು. ಚುಚ್ಚುವ ಪೆನ್ನು ಮಾತ್ರ ಒಬ್ಬರಿಗೆ ಒಂದು. ರೇಜರ್, ಟೂತ್ ಬ್ರಷ್, ನೈಲ್ ಕಟರ್ ಕೂಡ ಹಾಗೇ. ನಮ್ಮ ಯಜಮಾನರು ಕಟಿಂಗ್ ಶಾಪಿನಲ್ಲಿ ಕೂತ ತಕ್ಷಣ "ಹೊಸ ಬ್ಲೇಡ್ ಹಾಕಪ್ಪ" ಅಂತಾರೆ, ಅವನು ಮುಖದ ಎದುರೇ ಕಾಗದ ಬಿಚ್ಚಿ ತೋರಿಸುತ್ತಾನೆ. ಆಮೇಲೆ ಊರಿಗೆಲ್ಲಾ ಉಜ್ಜಿದ ಪಟಿಕದ ಕಲ್ಲನ್ನು ಇವರ ಕೆನ್ನೆಗೂ ಉಜ್ಜುತ್ತಾನೆ! ಅದು ಬೇಡ ಅನ್ನಿ. ಮಕ್ಕಳು ಹಚ್ಚೆ ಹಾಕಿಸಿಕೊಳ್ಳುವುದಾದರೆ ಜಾತ್ರೆ, ಪರಿಷೆಯ ಬೀದಿಬದಿಯಲ್ಲಿ ಬೇಡ. ಸೂಜಿಯೂ ಹೊಸದಿರಬೇಕು, ಬಣ್ಣದ ಬಟ್ಟಲೂ ಹೊಸದಿರಬೇಕು.

ಕೊನೆಗೆ ಕಸ. ಇದನ್ನು ಹೇಳಲೆಂದೇ ಪತ್ರ ಇಷ್ಟು ಉದ್ದ ಆಯಿತು.

ನಮ್ಮಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಬಹಳ ಜನ. ಆ ಸೂಜಿಗಳು ಎಲ್ಲಿ ಹೋಗುತ್ತವೆ? ಆಷಾಢದ ಒಂದು ಬೆಳಿಗ್ಗೆ ಏಳು ಗಂಟೆಗೆ ನಾನು ಹಾಲು ತರಲು ಇಳಿದಿದ್ದೆ. ಕಸದ ಆಟೋ ನಿಂತಿತ್ತು. ಹಸಿ ಕಸದ ಜೊತೆ ಪ್ಲಾಸ್ಟಿಕ್ ಬೆರೆಸಿ ಕೊಟ್ಟ ಒಂದು ಕವರನ್ನು ಪೌರಕಾರ್ಮಿಕರೊಬ್ಬರು ಬಿಚ್ಚಿ ಬೇರೆ ಮಾಡುತ್ತಿದ್ದರು. ಸೊಪ್ಪಿನ ಕಡ್ಡಿ, ಕಾಫಿ ಚರಟ, ಬಾಳೆಹಣ್ಣಿನ ಸಿಪ್ಪೆ. ಥಟ್ಟನೆ ಕೈ ಹಿಂದೆ ಎಳೆದುಕೊಂಡರು. ತೆಳು ರಬ್ಬರ್ ಗ್ಲೌಸ್ ದಾಟಿ ಅಂಗೈ ಬುಡಕ್ಕೆ ಚುಚ್ಚಿತ್ತು. ಇನ್ಸುಲಿನ್ ಸಿರಿಂಜು, ಮುಚ್ಚಳ ಇಲ್ಲ. ಅವರು ಸೆರಗಿನಲ್ಲಿ ಒರೆಸಿಕೊಂಡು ಮುಂದಿನ ಕವರಿಗೆ ಕೈ ಹಾಕಿದರು. "ದಿನಾ ಇದ್ದದ್ದೇ ಬಿಡಿ ಅಮ್ಮ" ಅಂದರು.

ಅಂಥ ಸೂಜಿಯ ಲೆಕ್ಕ ನಾವು ಕಲಿತದ್ದು ಆಸ್ಪತ್ರೆ ಸಿಬ್ಬಂದಿಯ ಅನುಭವದಿಂದ. ಹೆಪಟೈಟಿಸ್ ಬಿ ಇರುವವರ ರಕ್ತದ ಸೂಜಿ, ಲಸಿಕೆ ಹಾಕಿಸಿಕೊಳ್ಳದ 100 ಜನಕ್ಕೆ ಚುಚ್ಚಿದರೆ 6ರಿಂದ 30 ಜನಕ್ಕೆ ಸೋಂಕು ಬರಬಹುದು. ಸಿ ಆದರೆ 100ಕ್ಕೆ ಹೆಚ್ಚೆಂದರೆ ಇಬ್ಬರು. ಎಚ್‌ಐವಿ ಆದರೆ 1000ಕ್ಕೆ ಮೂವರು. ಕಸದಲ್ಲಿ ಬಿದ್ದು ಹೊತ್ತಾದ ಸೂಜಿಯಲ್ಲಿ ಅಪಾಯ ಇನ್ನೂ ಕಡಿಮೆ. ಎಚ್‌ಐವಿ ಹೊರಗೆ ಬೇಗ ಸಾಯುತ್ತದೆ. ನಾವೆಲ್ಲರೂ ಜಾಸ್ತಿ ಹೆದರುವುದು ಎಚ್‌ಐವಿಗೆ, ಚುಚ್ಚಿದಾಗ ಜಾಸ್ತಿ ಹೆದರಬೇಕಾದ್ದು ಬಿಗೆ. ಆದರೆ ಬಿಗೆ ಲಸಿಕೆ ಇದೆ. ಮೂರು ಡೋಸು, ಈಗ ಒಂದು, ತಿಂಗಳಿಗೆ ಒಂದು, ಆರು ತಿಂಗಳಿಗೆ ಒಂದು. 2011ರ ಹೊತ್ತಿಗೆ ದೇಶದ ಎಲ್ಲಾ ಮಕ್ಕಳ ಲಸಿಕೆ ಪಟ್ಟಿಗೆ ಅದು ಸೇರಿದೆ. ಅಂದರೆ ನಮ್ಮ ಮೊಮ್ಮಕ್ಕಳಿಗೆ ಆಗಿರುತ್ತದೆ, ನಮಗೆ ಆಗಿರುವುದಿಲ್ಲ.

ಆ ಅಮ್ಮನನ್ನು ಮನೆಗೆ ಕರೆದು ಸೋಪು ಹಚ್ಚಿ ನಲ್ಲಿ ನೀರಿನಲ್ಲಿ ಕೈ ತೊಳೆಸಿದೆ. ಹಿಂಡಬಾರದು, ಬಾಯಲ್ಲಿ ಚೀಪಬಾರದು, ಡೆಟಾಲ್ ಸುರಿಯಬಾರದು. ಆಮೇಲೆ ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಗೆ ಹೋದೆವು. ಎಚ್‌ಐವಿ ತಡೆಯುವ ಮಾತ್ರೆ ಬೇಕೋ ಬೇಡವೋ ಅಂತ ಡಾಕ್ಟರು ನೋಡಿ ಹೇಳಬೇಕು. ಬೇಕಾದರೆ 72 ಗಂಟೆಯೊಳಗೆ ಶುರು ಮಾಡಬೇಕು, ಎಷ್ಟು ಬೇಗ ಆದರೆ ಅಷ್ಟು ಒಳ್ಳೆಯದು, 28 ದಿನ ನುಂಗಬೇಕು. ಹೆಪಟೈಟಿಸ್ ಬಿ ಲಸಿಕೆಯ ಮೊದಲ ಡೋಸನ್ನು 24 ಗಂಟೆಯೊಳಗೆ ಹಾಕಿಸಬೇಕು. ಅವರಿಗೆ ಮಾತ್ರೆ ಬೇಡ ಅಂದರು, ಲಸಿಕೆ ಹಾಕಿದರು. ಅವರ ಅರ್ಧ ದಿನದ ಕೂಲಿ ಹೋಯಿತು. ಸೂಜಿ ಹಾಕಿದವರ ಮನೆಯಲ್ಲಿ ಆ ಹೊತ್ತಿಗೆ ತಿಂಡಿ ಆಗಿರಬೇಕು.

ಯಾರ ಮನೆ ಅಂತ ನನಗೆ ಗೊತ್ತಿಲ್ಲ, ಹುಡುಕಲೂ ಇಲ್ಲ. ಆದರೆ ಇದನ್ನು ಯೋಚಿಸಿ. ನಮ್ಮಲ್ಲಿ ಗೊತ್ತಿಲ್ಲದೆ ಹೆಪಟೈಟಿಸ್ ಬಿ ಇರುವ ಯಾರೋ ಒಬ್ಬರು, ನಮ್ಮ ಕಸದ ಕವರಿನ ಮೂಲಕ, ಪೌರಕಾರ್ಮಿಕರ ಕೈಗೆ ಅದನ್ನು ದಾಟಿಸುವ ಸಾಧ್ಯತೆ ನಿಜವಾಗಿ ಇದೆ. ಅಡುಗೆಯವರು ಸಾರಿನ ಮೂಲಕ ನಮಗೆ ದಾಟಿಸುವ ಸಾಧ್ಯತೆ ಇಲ್ಲ. ನಾವು ಗೇಟು ಮುಚ್ಚಿದ್ದು ಯಾರಿಗೆ?

2016ರ ಘನತ್ಯಾಜ್ಯ ನಿಯಮದಲ್ಲೇ ಬಳಸಿದ ಸೂಜಿ, ಸಿರಿಂಜನ್ನು ಮನೆಯ ಅಪಾಯಕಾರಿ ಕಸ ಅಂತ ಬೇರೆ ಹೆಸರಿಸಿದ್ದರು. ಹಸಿರು ಡಬ್ಬಿ, ಕೆಂಪು ಡಬ್ಬಿ, ಒಣ ಕಸಕ್ಕೆ ಚೀಲ ಅಂತ ಬೆಂಗಳೂರಿನಲ್ಲಿ ಇಷ್ಟು ವರ್ಷದಿಂದ ಹೇಳುತ್ತಿದ್ದಾರೆ. ಸೂಜಿಯ ಮಾತು ಬಂದಾಗ ಮಾತ್ರ ನಮಗೆ ಯಾವ ಡಬ್ಬಿಯೂ ನೆನಪಾಗುವುದಿಲ್ಲ. ಬಟ್ಟೆ ಒಗೆಯುವ ಲಿಕ್ವಿಡ್ ಬರುತ್ತದಲ್ಲ, ಆ ದಪ್ಪ ಬಾಟಲಿ ಖಾಲಿಯಾದ ಮೇಲೆ ಇಟ್ಟುಕೊಳ್ಳಿ. ನೀರಿನ ಬಾಟಲಿ ಆಗುವುದಿಲ್ಲ, ಸೂಜಿ ತೂರಿಬರುತ್ತದೆ. ಚುಚ್ಚಿಕೊಂಡ ತಕ್ಷಣ ಸೂಜಿ ಅದರೊಳಗೆ. ಮುಕ್ಕಾಲು ತುಂಬಿದರೆ ಮುಚ್ಚಳ ಬಿಗಿದು ಟೇಪ್ ಸುತ್ತಿ. ವೈದ್ಯಕೀಯ ಕಸ ಒಯ್ಯುವ ಗಾಡಿ ಬರುವ ಲ್ಯಾಬ್ ಒಂದರ ಜೊತೆ ನಾನು ಮಾತಾಡಿದ್ದೇನೆ, ಅವರು ತೆಗೆದುಕೊಳ್ಳುತ್ತಾರೆ. ಪಾಲಿಕೆಯವರೂ ಇದನ್ನು ಓದುತ್ತಿದ್ದರೆ, ಕಸದ ಆಟೋಗೆ ಒಂದೊಂದು ಗಟ್ಟಿ ಸೂಜಿ ಡಬ್ಬಿ, ಪೌರಕಾರ್ಮಿಕರಿಗೆ ಚುಚ್ಚಿದರೆ ತಡೆಯುವ ಗ್ಲೌಸ್, ಮೂರು ಡೋಸು ಲಸಿಕೆ ಕೊಡಿ. ಮೊದಲ ಡೋಸು ಕೊಟ್ಟು ಫೋಟೋ ತೆಗೆಸಿಕೊಂಡು ಮರೆಯಬೇಡಿ.

ಅಡುಗೆಯವರ ಆರೋಗ್ಯ ಕೇಳಿದವರು ಇಡೀ ಗುಂಪಿನಲ್ಲಿ ಇಬ್ಬರೇ. ಅವರಿಬ್ಬರಿಗಾಗಿ ಹೇಳುತ್ತೇನೆ. ಲಿವರ್ ಚೆನ್ನಾಗಿದೆ, ಸದ್ಯಕ್ಕೆ ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಪರೀಕ್ಷೆಗೆ ಬನ್ನಿ ಅಂದಿದ್ದಾರೆ. 2018ರಲ್ಲಿ ಶುರುವಾದ ರಾಷ್ಟ್ರೀಯ ಹೆಪಟೈಟಿಸ್ ಕಾರ್ಯಕ್ರಮದಲ್ಲಿ ಪರೀಕ್ಷೆ, ಔಷಧಿ ಎರಡೂ ಉಚಿತ. ಅವರ ಗಂಡ, ಇಬ್ಬರು ಮಕ್ಕಳು ಪರೀಕ್ಷೆ ಮಾಡಿಸಿದರು, ಮೂವರದೂ ನೆಗೆಟಿವ್. ಅದೇ ಮನೆ, ಅದೇ ಲೋಟ, ಅದೇ ತಟ್ಟೆ, ಇಷ್ಟು ವರ್ಷ. ಗಂಡನಿಗೂ ದೊಡ್ಡ ಮಗನಿಗೂ ಲಸಿಕೆ ಶುರುವಾಗಿದೆ. ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಇದು ನನಗೆ ಎಲ್ಲಿಂದ ಬಂತು ಅಮ್ಮ?" ಬಹುಶಃ ಹುಟ್ಟುವಾಗಲೇ ತಾಯಿಯಿಂದ ಬಂದಿರಬಹುದು ಅಂದೆ. ಹಾಗೆ ಹಸುಗೂಸಿಗೆ ಬಂದರೆ 10ರಲ್ಲಿ 9 ಮಕ್ಕಳಲ್ಲಿ ಅದು ಉಳಿದೇ ಬಿಡುತ್ತದೆ. ದೊಡ್ಡವರಿಗೆ ಬಂದರೆ ಹೆಚ್ಚಿನವರಲ್ಲಿ ತಾನಾಗಿ ಹೋಗುತ್ತದೆ. ಅವರ ತಾಯಿ ಲಿವರ್ ತೊಂದರೆಯಿಂದ ತೀರಿಕೊಂಡಿದ್ದರಂತೆ. ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದರು.

ಭಾನುವಾರದ ಮೀಟಿಂಗ್‌ನಲ್ಲಿ ರಿಪೋರ್ಟ್ ಕೇಳುವ ಪ್ರಸ್ತಾವ ಕೈಬಿಡಬೇಕು, ಫೋಟೋ ಅಳಿಸಬೇಕು, ಅವರ ಪಾಸ್ ವಾಪಸ್ ಕೊಡಬೇಕು ಅಂತ ಕೇಳುತ್ತೇನೆ. ಕ್ಷಮೆ ಕೇಳುವುದು ಬಿಡುವುದು ಫೋಟೋ ಹಾಕಿದವರ ಮನಸ್ಸಿಗೆ ಬಿಟ್ಟದ್ದು. ಸೂಜಿ ಡಬ್ಬಿಗಳನ್ನು ಮೂರು ಬ್ಲಾಕಿನ ಲಿಫ್ಟ್ ಪಕ್ಕ ಇಟ್ಟಿದ್ದೇನೆ. ಎ ಬ್ಲಾಕಿನದರಲ್ಲಿ ಯಾರೋ ಚಾಕಲೇಟ್ ಕಾಗದ ಹಾಕಿದ್ದಾರೆ, ದಯವಿಟ್ಟು ಬೇಡ.

ಅಲ್ಲಿಯವರೆಗೆ ಅಡುಗೆಯವರು ನಮ್ಮ ಮನೆಗೆ ಬರುತ್ತಿರುತ್ತಾರೆ. ಆ್ಯಪ್‌ನಲ್ಲಿ ಹೆಸರಿಲ್ಲದ್ದರಿಂದ ಬೆಳಿಗ್ಗೆ ಎಂಟಕ್ಕೆ ನಾನೇ ಗೇಟಿಗೆ ಹೋಗಿ ಕರೆದುಕೊಂಡು ಬರುತ್ತೇನೆ.

ಇಂತಿ,
ಬಿ ಬ್ಲಾಕಿನ ನಿವೃತ್ತ ಲ್ಯಾಬ್ ಟೆಕ್ನಿಷಿಯನ್